ಜಾರುಬಂಡಿಯ ಸಾಲಿನಲ್ಲಿ

ಈ ಸಂಪುಟದ ಸಂಪಾದಕರು ನನ್ನಿಂದ ನಿರೀಕ್ಷಿಸಿದ್ದು ಬಹುಶಃ ರಗಳೆಯ ಲಯವನ್ನು ಕುರಿತೋ ಶಾಸನಗದ್ಯವನ್ನು ಕುರಿತೋ ಒಂದು ಸಂಪ್ರಬಂಧವನ್ನು. ಆದರೆ ಅವರ ಪತ್ರದ ಕೊನೆಯಲ್ಲಿ 'ವಿಷಯ ತಮ್ಮ ಆಯ್ಕೆಗೆ ಬಿಟ್ಟದ್ದು' ಎಂಬ ಸೌಜನ್ಯದ ವಾಕ್ಯವೊಂದಿತ್ತು. ಸೌಜನ್ಯದ ವಾಕ್ಯಗಳನ್ನು ಅಕ್ಷರಶಃ ಗ್ರಹಿಸುವುದು ಅಧ್ಯಾಪಕರ ದುರಭ್ಯಾಸಗಳಲ್ಲಿ ಒಂದು. ಆದ್ದರಿಂದ ಪುಟ್ಟ ಮಕ್ಕಳನ್ನು ಮೊದಲ ಬಾರಿಗೆ ರೋಲರ್ ಕೋಸ್ಟರ್ ಹತ್ತಿಸುವ ವಿಚಾರವಾಗಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಇದರಿಂದ ವಿಭಾಗದ ಗೌರವಕ್ಕೆ ಕುಂದು ಬರಲಾರದೆಂದು ನಂಬಿದ್ದೇನೆ. ಏಕೆಂದರೆ ಈ ವಿಷಯದಲ್ಲಿ ವ್ಯುತ್ಪತ್ತಿವಿಚಾರವೂ ಇದೆ, ರಸವಿಚಾರವೂ ಇದೆ, ಪಾಠ ಹೇಳುವವರ ಕಷ್ಟವೂ ಇದೆ.

ಮೊದಲು ವ್ಯುತ್ಪತ್ತಿ. ಮಗುವೊಂದು ಎತ್ತರದ ಆಟದ ಯಂತ್ರದ ಮುಂದೆ ನಿಂತು, ತಾಯಿಯ ಸೆರಗನ್ನು ಹಿಡಿದು, ಒಂದು ಹೆಜ್ಜೆ ಹಿಂದೆ ಸರಿಯುತ್ತದಲ್ಲ, ಅದಕ್ಕೆ ನಾವು 'ಹಿಂಜರಿಕೆ' ಎನ್ನುತ್ತೇವೆ. 'ಹಿನ್' ಎಂಬುದರ ಮುಂದೆ 'ಜರಿ' ಎಂಬ ಧಾತು ಬಂದು ಆದ ಪದ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕಡೆ ಗುಡ್ಡ ಜರಿಯುತ್ತದೆ, ಧರೆ ಜರಿಯುತ್ತದೆ. ಹಾಗೆಯೇ ಮನಸ್ಸು ಹಿಂದಕ್ಕೆ ಜರಿಯುವುದು ಹಿಂಜರಿಕೆ. ಏರಿನಲ್ಲಿ ಕಾಲು ಹಿಂದಕ್ಕೆ ಜಾರಿದ ಅನುಭವವಿಲ್ಲದವರು ಈ ಪದವನ್ನು ಕಟ್ಟಿರಲಾರರು. ಇನ್ನು ರೋಲರ್ ಕೋಸ್ಟರಿಗೆ ನಮ್ಮಲ್ಲಿ ಹೆಸರಿಲ್ಲ. ಜಾತ್ರೆಯ ದೊಡ್ಡ ಚಕ್ರಕ್ಕೆ 'ತೊಟ್ಟಿಲು' ಎಂಬ ಸುಂದರವಾದ ಹೆಸರನ್ನಿಟ್ಟ ಜನ ಇದಕ್ಕೆ ಏನನ್ನೂ ಇಡಲಿಲ್ಲ. ಬರುವಷ್ಟರಲ್ಲಿ ಇಂಗ್ಲಿಷಿನ ಹೆಸರನ್ನು ಹೊತ್ತುಕೊಂಡೇ ಬಂತು. ಶಾಲೆಯ ಅಂಗಳದಲ್ಲಿರುವ ಜಾರುಬಂಡೆಯನ್ನು ಅನೇಕರು 'ಜಾರುಬಂಡಿ' ಎಂದು ಕರೆಯುತ್ತಾರೆ. ಅದರಲ್ಲಿ ಬಂಡಿ ಎಲ್ಲಿದೆ? ಜಾರುವ ಬಂಡಿ ಎಂದರೆ ನ್ಯಾಯವಾಗಿ ಇದೇ. ಆದ್ದರಿಂದ ಈ ಪ್ರಬಂಧದ ಮಟ್ಟಿಗಾದರೂ ನಾನು ಇದನ್ನು ಜಾರುಬಂಡಿ ಎನ್ನುತ್ತೇನೆ. ಪಂಡಿತರು ಒಪ್ಪದಿದ್ದರೆ ಸಂತೋಷ. ಚರ್ಚೆಗೆ ಒಂದು ವಿಷಯ ಸಿಕ್ಕಿತು.

ಹೆಸರಿನ ವಿಚಾರದಲ್ಲಿ ಉಳಿದ ಭಾಷೆಗಳ ಗತಿಯೂ ವಿನೋದದ್ದೇ. ಈ ಆಟದ ಮೂಲ ರಷ್ಯದಲ್ಲಿದೆ. ಸೇಂಟ್ ಪೀಟರ್ಸ್‌ಬರ್ಗಿನ ಸುತ್ತಮುತ್ತ ಚಳಿಗಾಲದಲ್ಲಿ ಮರದ ಎತ್ತರವಾದ ಅಟ್ಟ ಕಟ್ಟಿ, ಅದರ ಇಳಿಜಾರಿಗೆ ನೀರು ಹೊಯ್ದು, ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ಜಾರುತ್ತಿದ್ದರು. ಫ್ರೆಂಚರು ಅದನ್ನು ನೋಡಿ ಚಕ್ರ ಜೋಡಿಸಿ ತಮ್ಮ ದೇಶದಲ್ಲಿ 'ರಷ್ಯದ ಬೆಟ್ಟಗಳು' ಎಂದು ಕರೆದರು. ಇಟಲಿ, ಸ್ಪೇನ್‌ಗಳಲ್ಲೂ ಅದೇ ಹೆಸರು. ರಷ್ಯನ್ನರು ಮಾತ್ರ ಅದನ್ನು 'ಅಮೆರಿಕದ ಬೆಟ್ಟಗಳು' ಎನ್ನುತ್ತಾರೆ. ಹೆದರಿಕೆಯ ತವರನ್ನು ಪ್ರತಿಯೊಬ್ಬರೂ ಇನ್ನೊಬ್ಬರ ದೇಶದಲ್ಲಿ ಕಂಡಂತಿದೆ. ಅಮೆರಿಕದಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಒಂದು ಜಾರುಬಂಡಿಯನ್ನು ನಡೆಸಿದ. ಐದು ಸೆಂಟು ಕೊಟ್ಟು ಅಟ್ಟ ಹತ್ತಿ ಬೆಂಚಿನ ಮೇಲೆ ಕೂತರೆ ಗಂಟೆಗೆ ಸುಮಾರು ಹತ್ತು ಕಿಲೋಮೀಟರ್ ವೇಗದಲ್ಲಿ ಅದು ಇಳಿಯುತ್ತಿತ್ತು. ಎಂದರೆ ನಮ್ಮ ಎತ್ತಿನ ಗಾಡಿ ಇಳಿಜಾರಿನಲ್ಲಿ ಸ್ವಲ್ಪ ಉತ್ಸಾಹಗೊಂಡರೆ ಆಗುವ ವೇಗ. ಜನ ಅದಕ್ಕೇ ಮುಗಿಬಿದ್ದರಂತೆ.

ನನ್ನ ಬಾಲ್ಯದ ಶಿರಸಿಯಲ್ಲಿ ಇಂಥದ್ದೇನೂ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ ತೊಟ್ಟಿಲು ಬರುತ್ತಿತ್ತು. ನಾನು ಮೊದಲು ಕಂಡ ತೊಟ್ಟಿಲು ಮರದ್ದು, ಕೈಯಲ್ಲಿ ತಿರುಗಿಸುವಂಥದ್ದು. ತಿರುಗಿಸುವಾತ ಬೆವರೊರೆಸಿಕೊಳ್ಳುತ್ತ, ಬೀಡಿ ಸೇದುತ್ತ ನಮ್ಮ ಕಣ್ಣೆದುರಿಗೇ ನಿಂತಿರುತ್ತಿದ್ದ. 'ಸಾಕು, ನಿಲ್ಸು' ಎಂದು ಕೂಗಿದರೆ ಅವನಿಗೆ ಕೇಳುತ್ತಿತ್ತು. ನಮ್ಮ ಹೆದರಿಕೆಗೆ ಒಬ್ಬ ಮನುಷ್ಯ ಉತ್ತರ ಕೊಡುತ್ತಿದ್ದ ಕಾಲ ಅದು. ಇಂದಿನ ಮಗು ಎದುರಿಸುವ ಯಂತ್ರಕ್ಕೆ ಮುಖವಿಲ್ಲ. ಹೊರಟ ಮೇಲೆ ಅದು ಯಾರ ಕೂಗಿಗೂ ನಿಲ್ಲುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ 'ನಾವೆಲ್ಲ ಚಿಕ್ಕವರಿದ್ದಾಗ ಹೀಗೆ ಹೆದರುತ್ತಿರಲಿಲ್ಲ' ಎನ್ನುವ ಹಿರಿಯರನ್ನು ಕಂಡಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ನಾನು ಜಾರುಬಂಡಿಯನ್ನು ಹತ್ತಿರದಿಂದ ಕಂಡದ್ದು ದೆಹಲಿಯಲ್ಲಿ. 2004ರ ನವೆಂಬರಿನಲ್ಲಿ ಒಂದು ಪುನಶ್ಚೇತನ ಶಿಬಿರಕ್ಕಾಗಿ ಅಲ್ಲಿಗೆ ಹೋಗಬೇಕಾಗಿ ಬಂತು. ಅಕ್ಕ, ಭಾವ ಆಗ ರಾಮಕೃಷ್ಣಪುರದ ಸರ್ಕಾರಿ ವಸತಿಯಲ್ಲಿದ್ದರು. ಮಕ್ಕಳಿಬ್ಬರನ್ನೂ ಶಾಲೆಗೆ ರಜೆ ಹಾಕಿಸಿ ಕರೆದುಕೊಂಡು ಹೋಗಿದ್ದೆ. ಮಗಳಿಗೆ ಒಂಬತ್ತು, ಮಗನಿಗೆ ಆರು. ಒಂದು ಭಾನುವಾರ ಪ್ರಗತಿ ಮೈದಾನದ ವ್ಯಾಪಾರ ಮೇಳವನ್ನು ನೋಡಿ, ಕರ್ನಾಟಕದ ಮಂಟಪದಲ್ಲಿ ಗಂಧದ ಸಾಬೂನಿನ ಪರಿಮಳವನ್ನು ಆಘ್ರಾಣಿಸಿ, ಪಕ್ಕದಲ್ಲೇ ಇದ್ದ ಅಪ್ಪೂ ಘರ್‌ಗೆ ಹೋದೆವು.

ಅಪ್ಪೂ ಘರ್ ಎಂಬ ಹೆಸರು ಇಂದಿನ ವಿದ್ಯಾರ್ಥಿಗಳಿಗೆ ಅಪರಿಚಿತವಿರಬಹುದು. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರನ್ನು ಹೊತ್ತ ಈ ಉದ್ಯಾನ 1984ರ ನವೆಂಬರ್ 19ರಂದು ಆರಂಭವಾಯಿತು. ಅದು ಇಂದಿರಾ ಗಾಂಧಿಯವರ ಜನ್ಮದಿನ. ಅವರ ಹತ್ಯೆಯಾಗಿ ಮೂರು ವಾರವೂ ಆಗಿರಲಿಲ್ಲ. ಗಾಯಗಳು ಮಾಯದಿದ್ದ ಊರಿನಲ್ಲಿ ಮಕ್ಕಳ ಆಟದ ತೋಟವೊಂದು ಬಾಗಿಲು ತೆರೆಯಿತು ಎಂಬುದನ್ನು ನೆನೆದಾಗ ಈಗಲೂ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಮುಂದೆ ಎರಡು ದಶಕಗಳ ಕಾಲ ದೆಹಲಿಯ ಮಧ್ಯಮವರ್ಗದ ಮಕ್ಕಳ ಹುಟ್ಟುಹಬ್ಬ, ಪರೀಕ್ಷೆ ಮುಗಿದ ಸಂಭ್ರಮ, ಊರಿಂದ ಬಂದ ನೆಂಟರ ಸತ್ಕಾರ ಎಲ್ಲವೂ ಅಲ್ಲಿಯೇ ನಡೆದವು.

ಅಲ್ಲಿ ಒಂದು ಜಾರುಬಂಡಿ ಇತ್ತು. ಇಂದಿನ ದೈತ್ಯಗಳ ಮುಂದೆ ಅದೊಂದು ಕೂಸು. ಸಾಲಿನ ತುದಿಯಲ್ಲಿ ಮಕ್ಕಳ ಎತ್ತರವನ್ನು ನೋಡಲು ಬಣ್ಣದ ಗೆರೆಯೊಂದಿತ್ತು. ಗೆರೆಗಿಂತ ಗಿಡ್ಡಗಿದ್ದವರಿಗೆ ಪ್ರವೇಶವಿಲ್ಲ. ಆರು ವರ್ಷದ ಮಗ ಹತ್ತಲೇಬೇಕೆಂದು ಕುಣಿಯುತ್ತಿದ್ದ. ಅವನ ತಲೆ ಗೆರೆಗಿಂತ ನಾಲ್ಕು ಬೆರಳು ಕೆಳಗೆ. ಮಗಳು ಗೆರೆಯನ್ನು ಧಾರಾಳವಾಗಿ ಮೀರಿದ್ದಳು. ಅವಳ ಕಾಲು ಮೇಲೇಳಲಿಲ್ಲ. ಯಂತ್ರ ಎತ್ತರವನ್ನು ಅಳೆಯುತ್ತದೆ, ಮನಸ್ಸನ್ನು ಅಳೆಯಲಾರದು. ನಮ್ಮ ಪ್ರವೇಶ ಪರೀಕ್ಷೆಗಳ ಹಾಗೆ.

ನಮ್ಮ ಮುಂದಿದ್ದ ಕುಟುಂಬದ ತಂದೆ ಅಳುತ್ತಿದ್ದ ಮಗನನ್ನು ಅನಾಮತ್ತಾಗಿ ಎತ್ತಿ ಬಂಡಿಯಲ್ಲಿ ಕೂರಿಸಿದರು. 'ಕುಛ್ ನಹೀ ಹೋಗಾ' ಎಂದು ಧೈರ್ಯ ಹೇಳಿದರು. ಹುಡುಗ ಒಂದು ಸುತ್ತು ಮುಗಿಸಿ ಇಳಿದಾಗ ಅಳು ನಿಂತಿತ್ತು, ಮಾತೂ ನಿಂತಿತ್ತು. 'ನೋಡಿದೆಯಾ, ಏನೂ ಆಗಲಿಲ್ಲ' ಎಂದು ತಂದೆ ಜಯಭೇರಿ ಹೊಡೆದರು. ಅವರು ಕೆಟ್ಟವರೇನೂ ಅಲ್ಲ. ಆಮೇಲೆ ಅವನಿಗೆ ಐಸ್‌ಕ್ರೀಮ್ ಕೊಡಿಸಿದರು. ಇದನ್ನೆಲ್ಲ ನೋಡುತ್ತಿದ್ದ ನನ್ನ ಮಗಳು ನನ್ನ ಕೈ ಜಗ್ಗಿ ಕೇಳಿದಳು: 'ಅಮ್ಮಾ, ಏನೂ ಆಗೋದಿಲ್ಲ ಅಂದ್ರೆ ದುಡ್ಡು ಯಾಕೆ ಕೊಡಬೇಕು?'

ಈ ಪ್ರಶ್ನೆಗೆ ಉತ್ತರಿಸಲು ನನಗೆ ಆಗ ಸಾಧ್ಯವಾಗಲಿಲ್ಲ. ಅದರ ಬಗ್ಗೆ ಇಪ್ಪತ್ತು ವರ್ಷ ಯೋಚಿಸುತ್ತ ಬಂದಿದ್ದೇನೆ. ಏನೋ ಆಗುತ್ತದೆ ಎಂಬುದಕ್ಕಾಗಿಯೇ ಜನ ದುಡ್ಡು ಕೊಡುತ್ತಾರೆ. ಹೊಟ್ಟೆ ಬಾಯಿಗೆ ಬರುತ್ತದೆ, ಮೈ ಹಗುರಾಗುತ್ತದೆ, ಕೈಗಳು ತಮಗೆ ತಾವೇ ಕಂಬಿಯನ್ನು ಬಿಗಿಹಿಡಿಯುತ್ತವೆ. ಇದನ್ನು ಮಗು ಕೆಳಗೆ ನಿಂತೇ ಕಂಡುಕೊಂಡಿರುತ್ತದೆ. ಅದಕ್ಕೆ 'ಏನೂ ಆಗುವುದಿಲ್ಲ' ಎಂದರೆ, ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಎಂದು ಹೇಳಿದಂತೆ. ಹಿಂಜರಿಯುವ ಮಗು ಅಜ್ಞಾನಿಯಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ಯಂತ್ರವನ್ನು ನೋಡುತ್ತಿರುವುದು ಅದೇ.

ನಾವು ಸಾಲಿನಿಂದ ಹೊರಬಂದೆವು. ಅಪ್ಪೂ ಘರ್‌ನಲ್ಲಿ ಆಟಕ್ಕೊಂದು ಚೀಟಿ ಕೊಳ್ಳುವ ಪದ್ಧತಿ ಇದ್ದದ್ದರಿಂದ ನಿರಾಕರಣೆಯಿಂದ ನಷ್ಟವೇನೂ ಆಗಲಿಲ್ಲ. ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ಒಂದು ಗಂಟೆ ಕಳೆದೆವು. ಮಗಳು ಲೆಕ್ಕ ಹಾಕತೊಡಗಿದಳು: 'ಹನ್ನೊಂದು ಸಲ ಹೋಯ್ತು. ಹನ್ನೊಂದು ಸಲಾನೂ ಎಲ್ಲರೂ ವಾಪಸ್ ಬಂದ್ರು.' ಆಮೇಲೆ ಇಳಿದವರ ಮುಖಗಳನ್ನು ವಿಂಗಡಿಸಿದಳು: ನಗುವವರು, ಸುಮ್ಮನಿರುವವರು, ಮತ್ತೆ ಸಾಲಿಗೆ ಓಡುವವರು, ತಲೆ ಹಿಡಿದು ಕೂರುವವರು. ಸಂಶೋಧನ ವಿದ್ಯಾರ್ಥಿಗಳಲ್ಲಿ ಇಷ್ಟು ಶಿಸ್ತಿನ ಕ್ಷೇತ್ರಕಾರ್ಯವನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಕೊನೆಯಲ್ಲಿ ಅವಳನ್ನು ಕಾಡುತ್ತಿದ್ದ ನಿಜವಾದ ಸಂಗತಿ ಹೊರಬಂತು. ಇಳಿತವಲ್ಲ, ವೇಗವಲ್ಲ. ಬಂಡಿ ಮೆಲ್ಲಗೆ ಏರುವಾಗ ಕೇಳುವ 'ಟಕ್, ಟಕ್, ಟಕ್' ಎಂಬ ಸದ್ದು. 'ಏನೋ ಮುರೀತಾ ಇದೆ' ಎಂದಳು.

ಭಾವ ಇಂಜಿನಿಯರು. ಅವರು ಆ ಸದ್ದಿನ ಗುಟ್ಟನ್ನು ಬಿಡಿಸಿ ಹೇಳಿದರು. ಜಾರುಬಂಡಿಗೆ ತನ್ನದೇ ಆದ ಎಂಜಿನ್ ಇಲ್ಲ. ಒಂದು ಸರಪಳಿ ಅದನ್ನು ಮೊದಲ ಏರಿನ ತುದಿಯವರೆಗೆ ಎಳೆದುಕೊಂಡು ಹೋಗಿ ಬಿಡುತ್ತದೆ; ಅಲ್ಲಿಂದ ಮುಂದಿನ ಓಟವೆಲ್ಲ ಆ ಎತ್ತರದ ಸಾಲ. ಗಾಳಿಗೆ, ತಿಕ್ಕಾಟಕ್ಕೆ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತ ಹೋಗುವುದರಿಂದ ಮುಂದಿನ ಯಾವ ಏರೂ ಮೊದಲ ಏರಿನಷ್ಟು ಎತ್ತರವಾಗಿರುವಂತಿಲ್ಲ. ಹತ್ತುವಾಗ ಸರಪಳಿ ಕಡಿದರೆ? ಅದಕ್ಕಾಗಿಯೇ ಹಳಿಯುದ್ದಕ್ಕೂ ಹಲ್ಲುಗಳ ಸಾಲೊಂದಿರುತ್ತದೆ. ಬಂಡಿಯ ಅಡಿಯಲ್ಲಿರುವ ಕಬ್ಬಿಣದ ನಾಲಿಗೆ ಒಂದೊಂದೇ ಹಲ್ಲನ್ನು ದಾಟಿ ಬೀಳುತ್ತ ಹೋಗುತ್ತದೆ. ಅದು ಮುಂದಕ್ಕೆ ದಾಟೀತು, ಹಿಂದಕ್ಕೆ ಬಾರದು. 'ಸೈಕಲ್ ತುಳಿಯೋದು ನಿಲ್ಲಿಸಿದಾಗ ಹಿಂದಿನ ಚಕ್ರದಲ್ಲಿ ಟಿಕ್‌ಟಿಕ್ ಅಂತದಲ್ಲ, ಅದೇ ಜಾತಿಯದು ಇದು' ಎಂದರು ಭಾವ. ಮುರಿಯುವ ಸದ್ದೆಂದು ಮಗಳು ಭಾವಿಸಿದ್ದು ಬಂಡಿ ಹಿಂದಕ್ಕೆ ಬೀಳದಂತೆ ಹಿಡಿದ ಸದ್ದು. ಒಂದೊಂದು ಟಕ್ ಎಂದರೂ 'ಇಲ್ಲಿಯವರೆಗೆ ಹಿಡಿದಿದ್ದೇನೆ' ಎಂದು ಅರ್ಥ. ವ್ಯಾಕರಣದ ಹುಚ್ಚಿನ ನನಗೆ ಕೂಡಲೇ ಹೊಳೆದದ್ದು: ಇದು ಅಕ್ಷರಶಃ ಹಿಂಜರಿಕೆಯನ್ನು ತಡೆಯುವ ಉಪಕರಣ!

ಆ ದಿನ ಮಗಳು ಹತ್ತಲಿಲ್ಲ. ಯಾರೂ ಒತ್ತಾಯಿಸಲಿಲ್ಲ. ಮಗ ಮಾತ್ರ ಮನೆಗೆ ಬರುವವರೆಗೂ ಅನ್ಯಾಯದ ವಿರುದ್ಧ ಗೊಣಗುತ್ತಿದ್ದ. ಮುಂದಿನ ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುತ್ತ ಅವಳೇ 'ಇವತ್ತು ಹೋಗೋಣ' ಎಂದಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಹಿಂದಿನ ಸಾಲು ಹೆಚ್ಚು ಕುಲುಕುತ್ತದೆಂಬುದನ್ನು ಬೆಂಚಿನ ಮೇಲೆ ಕೂತಾಗಲೇ ಕಂಡುಕೊಂಡಿದ್ದಳಾಗಿ ನಡುವಿನ ಆಸನವನ್ನು ಆರಿಸಿಕೊಂಡಳು. ಕಣ್ಣು ಮುಚ್ಚಲಿಲ್ಲ, ಕಿರುಚಲಿಲ್ಲ. ಇಳಿದ ಮೇಲೂ ಏನೂ ಹೇಳಲಿಲ್ಲ. ಬಸ್ಸಿನಲ್ಲಿಯೂ ಮೌನ. ಅಂದು ರಾತ್ರಿ ಹಾಸಿಗೆಯ ಮೇಲೆ ಅಕ್ಕನ ಮಗನಿಗೆ ಅವಳು ಆ ಕಥೆಯನ್ನು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಬಂಡಿ ಕುತುಬ್ ಮಿನಾರಿನಷ್ಟು ಎತ್ತರ ಬೆಳೆದಿತ್ತು.

ಇಲ್ಲಿ ಕೊಂಚ ಕಾವ್ಯಮೀಮಾಂಸೆಗೆ ಬರಲು ಅನುಮತಿ ಬೇಡುತ್ತೇನೆ. ಭಯಾನಕ ರಸವನ್ನು ವಿವರಿಸುವಾಗ ಅಭಿನವಗುಪ್ತ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯನ್ನು ಉದಾಹರಿಸುತ್ತಾನೆ. ಪ್ರೇಕ್ಷಕನಿಗೆ ಅಲ್ಲಿ ತೋರುವ ಭಯ 'ನನ್ನ ಭಯ'ವೂ ಅಲ್ಲ, 'ಜಿಂಕೆಯ ಭಯ'ವೂ ಅಲ್ಲ. ದೇಶಕಾಲಗಳ ಕಟ್ಟಿನಿಂದ ಬಿಡಿಸಿಕೊಂಡ ಭಯ. ಅದಕ್ಕೇ ಅದು ಆಸ್ವಾದ್ಯ. ತರಗತಿಯಲ್ಲಿ ಇದನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅಪ್ಪೂ ಘರ್‌ನ ಬೆಂಚಿನ ಮೇಲೆ ಇದು ನನಗೆ ಹೊಸದಾಗಿ ಅರ್ಥವಾಯಿತು. ಕೆಳಗೆ ನಿಂತು ನೋಡುವವರಿಗೆ ರಸ. ಬಂಡಿ ಕೆಳಗೆ ಬೀಳುವ ಆ ಎರಡು ಕ್ಷಣ ಒಳಗಿರುವವರಿಗೆ ಬರಿಯ ಭಯ. ಇಳಿದು ಬಂದು, ರಾತ್ರಿ ಇನ್ನೊಬ್ಬರಿಗೆ ಹೇಳುವಾಗ ಮತ್ತೆ ರಸ. ಆಗ ಅದು ಭಯಾನಕವಾಗಿಯೂ ಉಳಿದಿರುವುದಿಲ್ಲ, ಅದ್ಭುತವಾಗಿರುತ್ತದೆ. ವೀರದಿಂದ ಅದ್ಭುತ ಹುಟ್ಟುತ್ತದೆಂದು ಭರತಮುನಿ ಹೇಳಿದ್ದಾನೆ. ಒಂಬತ್ತು ವರ್ಷದ ಹುಡುಗಿಗೆ ಆ ಎರಡರ ನಡುವೆ ಒಂದು ವಾರ ಬೇಕಾಯಿತು, ಅಷ್ಟೇ.

ಜಾರುಬಂಡಿಯ ಇಂಜಿನಿಯರುಗಳು ನೂರು ವರ್ಷಗಳಿಂದ ಮಾಡುತ್ತ ಬಂದಿರುವ ಕೆಲಸವೂ ಇದೇ ಎಂದು ಹೇಳಬಹುದು: ಭಯವನ್ನು ಅಪಾಯದಿಂದ ಬಿಡಿಸುವುದು. 1895ರಲ್ಲಿ ಕೋನಿ ಐಲೆಂಡಿನಲ್ಲಿ ಬಂಡಿಯನ್ನು ತಲೆಕೆಳಗಾಗಿ ಸುತ್ತಿಸುವ ಆಟವೊಂದನ್ನು ಕಟ್ಟಿದರು. ಅದರ ಸುತ್ತು ಶುದ್ಧ ವೃತ್ತವಾಗಿತ್ತು. ವೃತ್ತದ ಬುಡಕ್ಕೆ ಬಂಡಿ ಹೊಕ್ಕ ಕೂಡಲೇ ಬೀಳುವ ಪೆಟ್ಟಿಗೆ ಜನರ ಕುತ್ತಿಗೆ ನೋಯುತ್ತಿತ್ತು; ಆಟ ಬಹುಕಾಲ ಬಾಳಲಿಲ್ಲ. 1919ರಲ್ಲಿ ಜಾನ್ ಮಿಲ್ಲರ್ ಎಂಬಾತ ಹಳಿಯ ಮೇಲಿನ ಚಕ್ರಗಳಿಗೆ ಜೊತೆಯಾಗಿ ಹಳಿಯ ಕೆಳಗೂ ಚಕ್ರಗಳನ್ನು ಜೋಡಿಸುವ ಹಕ್ಕುಪತ್ರ ಪಡೆದ. ಅಂದಿನಿಂದ ಬಂಡಿ ಎಷ್ಟೇ ಹಾರಿದರೂ ಹಳಿ ಬಿಟ್ಟು ಏಳದಾಯಿತು. ಕ್ಯಾಲಿಫೋರ್ನಿಯದಲ್ಲಿ 1976ರಲ್ಲಿ ತೆರೆದ ಬಂಡಿಗೆ ಜರ್ಮನಿಯ ವೆರ್ನರ್ ಸ್ಟೆಂಗಲ್ ವೃತ್ತವನ್ನು ಬಿಟ್ಟು ನೀರಹನಿಯ ಆಕಾರದ ಸುತ್ತನ್ನು ಅಳವಡಿಸಿದರು. ಬಾಗು ಮೆಲ್ಲಮೆಲ್ಲನೆ ಬಿಗಿಯಾಗುವುದರಿಂದ ಕುತ್ತಿಗೆಗೆ ನೋವಿಲ್ಲ. ಹೆದರಿಕೆಯಲ್ಲಿ ಮಾತ್ರ ಒಂದು ಗುಲಗಂಜಿ ತೂಕವೂ ಕಡಿಮೆಯಾಗಲಿಲ್ಲ. ಅಭಿನವಗುಪ್ತನೂ ಈ ಜರ್ಮನ್ ಇಂಜಿನಿಯರನೂ ಎದುರುಬದುರು ಕೂತಿದ್ದರೆ ಪರಸ್ಪರ ಅರ್ಥಮಾಡಿಕೊಳ್ಳುತ್ತಿದ್ದರೆಂದು ನನ್ನ ಊಹೆ.

ಹಿರಿಯರಾದ ನಮಗೆ ಈ ಬಿಡುಗಡೆ ಅಭ್ಯಾಸದಿಂದ ಬಂದಿದೆ. ಮಗುವಿಗೆ ಭಯ ಬೇರೆ, ಅಪಾಯ ಬೇರೆ ಎಂಬುದು ಇನ್ನೂ ಆಗಿಲ್ಲ. 'ಹೆದರಬೇಡ' ಎಂಬ ವಿಧಿವಾಕ್ಯದಿಂದ ಅದು ಆಗುವುದೂ ಇಲ್ಲ. ಹಳಗನ್ನಡದ ಮುಂದೆ ನಿಂತ ವಿದ್ಯಾರ್ಥಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 'ಪಂಪನೇನೂ ಕಷ್ಟವಲ್ಲ, ಹೆದರಬೇಡಿ' ಎಂದು ನಮ್ಮಲ್ಲಿ ಹಲವರು ಮೊದಲ ದಿನವೇ ಆಶ್ವಾಸನೆ ಕೊಡುತ್ತೇವೆ. ಇದು 'ಕುಛ್ ನಹೀ ಹೋಗಾ' ಎಂಬುದರ ವಿಶ್ವವಿದ್ಯಾಲಯ ಆವೃತ್ತಿ. ಪಂಪ ಕಷ್ಟವೇ. ಕಂದವನ್ನು ಬಿಡಿಸಿ ಓದುವ ಮೊದಲ ಏರು ದೊಡ್ಡದೇ. ಅದನ್ನು ದೊಡ್ಡದೆಂದು ಒಪ್ಪಿಕೊಂಡು, ಮುಂದಿನ ಏರುಗಳು ಇಷ್ಟು ಎತ್ತರವಿರುವುದಿಲ್ಲ ಎಂದು ಹೇಳಿದರೆ ಹುಡುಗರು ನಂಬುತ್ತಾರೆ. ಮೊದಲ ಏರನ್ನು ಸುಳ್ಳು ಮಾಡಿದರೆ ಆಮೇಲೆ ಹೇಳಿದ ಯಾವುದನ್ನೂ ನಂಬುವುದಿಲ್ಲ. ಆದರೆ ಇದನ್ನು ಇಲ್ಲಿಗೇ ಬಿಡುತ್ತೇನೆ. ಎಲ್ಲವನ್ನೂ ಎಳೆದುಕೊಂಡು ಹೋಗಿ ತರಗತಿಗೆ ಕಟ್ಟುವ ಅಧ್ಯಾಪಕರ ಚಟ ನನಗೂ ಇದೆ.

ಅಪ್ಪೂ ಘರ್ 2008ರ ಫೆಬ್ರುವರಿ 17ರಂದು ಮುಚ್ಚಿತು. ನನ್ನ ಮಗ ಗೆರೆಯನ್ನು ಮೀರಿ ಬೆಳೆದು, ಇನ್ನೊಮ್ಮೆ ದೆಹಲಿಗೆ ಹೋಗುವ ವೇಳೆಗೆ ಅಲ್ಲಿ ಗೆರೆಯೂ ಇರಲಿಲ್ಲ, ಬಂಡಿಯೂ ಇರಲಿಲ್ಲ. ಆ ಜಾಗದಲ್ಲಿ ಈಗ ಸರ್ವೋಚ್ಚ ನ್ಯಾಯಾಲಯದ ಹೆಚ್ಚುವರಿ ಕಟ್ಟಡಗಳಿವೆ. 2019ರ ಜುಲೈಯಲ್ಲಿ ಅವುಗಳ ಉದ್ಘಾಟನೆಯಾಯಿತು. ಮಗನ ಹಳೆಯ ದೂರನ್ನು ದಾಖಲಿಸಲು ಅದಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲವೆಂದು ಮನೆಯಲ್ಲಿ ತಮಾಷೆ ಮಾಡುತ್ತಿರುತ್ತೇವೆ. ಉದ್ಯಾನಗಳು ಅಷ್ಟರಲ್ಲಿ ನಗರದ ಅಂಚಿಗೆ, ರೋಹಿಣಿಗೆ, ನೊಯಿಡಾಕ್ಕೆ, ಗುರುಗ್ರಾಮಕ್ಕೆ ಸರಿದಿದ್ದವು. ಮೆಟ್ರೋ ಅವುಗಳನ್ನು ಹಿಂಬಾಲಿಸಿಯೋ ಮುಂದೆ ಹೋಗಿಯೋ ಅಲ್ಲಿಗೆ ಮುಟ್ಟಿತ್ತು.

ಅಕ್ಕನ ಕುಟುಂಬವೂ ನೊಯಿಡಾಕ್ಕೆ ಸರಿದಿತ್ತು. 2024ರ ಡಿಸೆಂಬರಿನಲ್ಲಿ ನಾನು ಅಲ್ಲಿಗೆ ಹೋದಾಗ ಅಕ್ಕನ ಮೊಮ್ಮಗಳಿಗೆ ಏಳು ವರ್ಷ. ಮನೆಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಅಜ್ಜಿಯ ಹತ್ತಿರ ಮಾತ್ರ ಕನ್ನಡ. ಸಂಕೋಚದ ಹುಡುಗಿಯಲ್ಲ. ಅದರ ಹಿಂದಿನ ತಿಂಗಳು ದೆಹಲಿ ಕರ್ನಾಟಕ ಸಂಘದ ರಾಜ್ಯೋತ್ಸವದಲ್ಲಿ ಮುನ್ನೂರು ಜನರೆದುರು ಹಾಡಿ ಬಂದವಳು. ಪುಕ್ಕಲು ಎಂಬುದನ್ನು ಸ್ವಭಾವವೆಂದು ತಿಳಿಯುವವರು ಇದನ್ನು ಗಮನಿಸಬೇಕು. ವೇದಿಕೆಯನ್ನು ಹೆದರದೆ ಏರಿದ ಮಗು ಬಂಡಿಯನ್ನು ಏರಲು ಹೆದರಬಹುದು. ಅವಳ ತಂದೆತಾಯಿ ಸಕಲ ಆಟಗಳಿಗೂ ಸಲ್ಲುವ ಟಿಕೆಟನ್ನು ಫೋನಿನಲ್ಲೇ ಮುಂಗಡವಾಗಿ ಕೊಂಡಿದ್ದರು. ಈ ಪದ್ಧತಿಯಲ್ಲಿ ನನಗೊಂದು ತಕರಾರಿದೆ. ಮೊದಲೇ ದುಡ್ಡು ತೆತ್ತಾದ ಮೇಲೆ ಮಗುವಿನ 'ಬೇಡ' ಎಂಬುದು ನಷ್ಟದ ಬಾಬತ್ತಾಗುತ್ತದೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮಗುವಿಗೆ ಅದು ತಿಳಿಯುತ್ತದೆ.

ಅವಳು ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಳು. ಬಂಡಿಯಲ್ಲಿ ಕೂತಳು. ಕಂಬಿ ಇಳಿದು ತೊಡೆಗೆ ತಾಗಿದ ಕ್ಷಣ 'ಇಳೀತೀನಿ' ಎಂದಳು. ಅದೂ ಕನ್ನಡದಲ್ಲಿ, ನನ್ನ ಕಡೆ ತಿರುಗಿ. ಹಿಂದಿನವರು ನಿಟ್ಟುಸಿರಿಟ್ಟರು. ಯಂತ್ರ ನಡೆಸುತ್ತಿದ್ದ ಹುಡುಗ, ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದೀತು, ಮಾತಿನ ಧಾಟಿಯಿಂದ ಪೂರ್ವಾಂಚಲದವನು, ಒಂದಿಷ್ಟೂ ಬೇಸರವಿಲ್ಲದೆ ಕಂಬಿಯನ್ನು ಎತ್ತಿ, 'ಕೋಯೀ ಬಾತ್ ನಹೀ, ಗುಡಿಯಾ, ಫಿರ್ ಆನಾ' ಎಂದ. ಅಮೆರಿಕದ ಉದ್ಯಾನಗಳಲ್ಲಿ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದವರಿಗೆಂದೇ ಒಂದು ದಾರಿ ಇರುತ್ತದೆ; ಅದನ್ನು 'ಕೋಳಿಯ ಬಾಗಿಲು' ಎಂದು ಹಾಸ್ಯ ಮಾಡುತ್ತಾರೆ. ಹೆಸರು ಅವಮಾನಕರವಾದರೂ ಬಾಗಿಲು ಗೌರವಯುತವಾದದ್ದು. ಶಿಕ್ಷಣಶಾಸ್ತ್ರದ ವಿಚಾರಸಂಕಿರಣಗಳಲ್ಲಿ ನಾನು ಕೇಳಿದ ಅನೇಕ ಉಪನ್ಯಾಸಗಳಿಗಿಂತ ಆ ಹುಡುಗನ 'ಫಿರ್ ಆನಾ' ಹೆಚ್ಚು ಕಾಲ ನನ್ನ ಕಿವಿಯಲ್ಲಿ ಉಳಿದಿದೆ. ಮನೆಗೆ ಬರುವಾಗ ಮೆಟ್ರೋದಲ್ಲಿ ನಾನು ಅವಳಿಗೆ ಟಕ್ ಟಕ್ ಸದ್ದಿನ ಗುಟ್ಟನ್ನು ಹೇಳಿದೆ, ಭಾವನ ಸೈಕಲ್ಲನ್ನೂ ಸೇರಿಸಿ. ಪ್ರತಿದಿನ ಬೆಳಿಗ್ಗೆ ಜನರನ್ನು ಕೂರಿಸುವ ಮುನ್ನ ಖಾಲಿ ಬಂಡಿಯನ್ನು ಓಡಿಸಿ ನೋಡುವ ಕ್ರಮವಿದೆ ಎಂಬುದನ್ನೂ ಹೇಳಿದೆ.

2025ರ ಏಪ್ರಿಲಿನಲ್ಲಿ ನೈಋತ್ಯ ದೆಹಲಿಯ ಒಂದು ಉದ್ಯಾನದಲ್ಲಿ ಜಾರುಬಂಡಿಯಿಂದ ಬಿದ್ದು ಒಬ್ಬ ಯುವತಿ ತೀರಿಕೊಂಡಳು. ಪತ್ರಿಕೆಗಳೆಲ್ಲ ಅದನ್ನು ಬರೆದವು. ಎರಡು ದಿನಗಳ ನಂತರ ಅಕ್ಕನ ಮೊಮ್ಮಗಳು ಫೋನು ಮಾಡಿದಳು. ಶಾಲೆಯ ವಾಹನದಲ್ಲಿ ಯಾರೋ ಹೇಳಿದ್ದರು. 'ಚಿಕ್ಕಜ್ಜಿ, ಅಲ್ಲಿ ಟಕ್ ಟಕ್ ಇರಲಿಲ್ವಾ?' ಎಂದು ಕೇಳಿದಳು.

ರಸ, ಅಪಾಯ, ಅಭಿನವಗುಪ್ತ ಎಲ್ಲವೂ ಒಂದು ಕ್ಷಣ ಬಾಯಿಗೆ ಬಂದು ಹಿಂದೆ ಸರಿದವು. ಭಯವನ್ನು ಅಪಾಯದಿಂದ ಬಿಡಿಸುವ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ನಾಲಿಗೆ ಸವೆಯುತ್ತದೆ, ತಿರುಪು ಸಡಿಲವಾಗುತ್ತದೆ. ಬೆಳಿಗ್ಗೆ ಯಾರೋ ಒಬ್ಬರು ಬಂದು ಬಗ್ಗಿ ನೋಡಬೇಕು. ನೋಡದಿದ್ದರೆ ಆ ದಿನ ಭಯ ಮತ್ತು ಅಪಾಯ ಎರಡೂ ಮತ್ತೆ ಒಂದೇ. ಜಾತ್ರೆಯ ತೊಟ್ಟಿಲಿನ ಮನುಷ್ಯ ಕಣ್ಣೆದುರಿಗೆ ಇದ್ದ. ಈಗಿನವನು ಎಲ್ಲೋ ಇರುತ್ತಾನೆ, ಇರಬೇಕು. ಇದನ್ನು ಏಳು ವರ್ಷದವಳಿಗೆ ನಾನು ಹೇಳಿದ್ದು ಇಷ್ಟೇ: 'ಸದ್ದು ಇರುತ್ತೆ ಪುಟ್ಟಿ. ಅದನ್ನ ನೋಡಿಕೊಳ್ಳೋ ಜನಾನೂ ಇರಬೇಕು. ಅಲ್ಲಿ ಏನೋ ತಪ್ಪಿತು.' ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ಕೇಳಬೇಕು' ಎಂದಳು. ಏನನ್ನು, ಯಾರನ್ನು ಎಂಬುದನ್ನು ಹೇಳದೆ ಫೋನನ್ನು ಅಜ್ಜಿಗೆ ಕೊಟ್ಟುಬಿಟ್ಟಳು. ಇನ್ನು ಮುಂದೆ ಅವಳನ್ನು ಬಂಡಿಯ ಹತ್ತಿರಕ್ಕೂ ಕರೆದೊಯ್ಯಬಾರದೆಂದು ಅಕ್ಕ ತೀರ್ಮಾನಿಸಿದಳು. ಅದಕ್ಕೆ ಎದುರಾಡುವ ಅಧಿಕಾರ ನನಗಿರಲಿಲ್ಲ, ಇಚ್ಛೆಯೂ ಇರಲಿಲ್ಲ.

ಆದರೆ ಮಕ್ಕಳು ನಮ್ಮ ತೀರ್ಮಾನಗಳಿಗಾಗಿ ಕಾಯುವುದಿಲ್ಲ. 2025ರ ದಸರೆಯ ರಜೆಯಲ್ಲಿ ನಾನು ಮತ್ತೆ ಅಲ್ಲಿಗೆ ಹೋದಾಗ ಅವಳೇ ವ್ಯವಸ್ಥೆ ಮಾಡಿಟ್ಟಿದ್ದಳು: ಅಜ್ಜಿಯನ್ನು ಒಪ್ಪಿಸಿಯಾಗಿತ್ತು, ಚಿಕ್ಕಜ್ಜಿ ಪಕ್ಕದಲ್ಲಿ ಕೂರಬೇಕೆಂಬುದು ಷರತ್ತು. ನನ್ನ ಮೊಣಕಾಲುಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅದೇ ಉದ್ಯಾನ, ಅದೇ ಬಂಡಿ. ಯಂತ್ರ ನಡೆಸುವ ಹುಡುಗ ಮಾತ್ರ ಬೇರೆ. ನಮ್ಮ ಸರದಿ ಬಂದಾಗ ಅವಳು ಕೂರಲಿಲ್ಲ. ಅವನ ಮುಂದೆ ನಿಂತು ಹಿಂದಿಯಲ್ಲಿ ಕೇಳಿದಳು: 'ಭೈಯಾ, ಬೆಳಿಗ್ಗೆ ಖಾಲಿ ಗಾಡಿ ಓಡಿಸಿದ್ರಾ?'

ಹುಡುಗ ಮೊದಲು ನಕ್ಕ. ಅವಳು ನಗಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವನು ನಗುವುದನ್ನು ನಿಲ್ಲಿಸಿ, 'ಓಡಿಸಿದೀವಿ, ಮೂರು ಸಲ' ಎಂದ. ಎಷ್ಟು ಗಂಟೆಗೆ ಎಂದು ಕೇಳಿದಳು. ಅದಕ್ಕೂ ಉತ್ತರ ಹೇಳಿದ. ಆಮೇಲೆ ತಾನಾಗಿಯೇ ಬಗ್ಗಿ, ಅವಳ ಮುಂದೆಯೇ ಖಾಲಿ ಆಸನದ ಕಂಬಿಯನ್ನು ಎರಡು ಸಲ ಎಳೆದು ತೋರಿಸಿದ. ಅವಳು ಅವನ ಮುಖವನ್ನು ಇನ್ನೊಂದು ಕ್ಷಣ ನೋಡಿದಳು; ಅಪ್ಪೂ ಘರ್‌ನ ಬೆಂಚಿನ ಮೇಲೆ ಮುಖಗಳನ್ನು ವಿಂಗಡಿಸುತ್ತಿದ್ದ ಇನ್ನೊಬ್ಬ ಹುಡುಗಿಯ ನೆನಪು ನನಗೆ ಬಂತು. ಆಮೇಲೆ ಹೋಗಿ ನಡುವಿನ ಆಸನದಲ್ಲಿ ಕೂತಳು. ನಾನು ಪಕ್ಕದಲ್ಲಿ ಕೂತೆ. ಕಂಬಿ ಇಳಿಯಿತು. ಅವಳು ಅದನ್ನು ತಾನೂ ಒಮ್ಮೆ ಎಳೆದು ನೋಡಿದಳು.

ಬಂಡಿ ಕದಲಿ ಏರನ್ನು ಹಿಡಿಯಿತು. ಟಕ್ ಎಂದಿತು. 'ಒಂದು' ಎಂದಳು ಅವಳು. ಲೆಕ್ಕವನ್ನು ಯಾವಾಗಲೂ ಇಂಗ್ಲಿಷಿನಲ್ಲಿ ಮಾಡುವ ಹುಡುಗಿ, ಅಜ್ಜಿ ಹೇಳಿಕೊಟ್ಟ ಮಗ್ಗಿಯ ರಾಗದಲ್ಲಿ, ಕಂಬಿಯನ್ನು ಎರಡು ಕೈಗಳಿಂದ ಹಿಡಿದು, ಒಂದೊಂದು ಸದ್ದಿಗೂ ಒಂದೊಂದು ಸಂಖ್ಯೆ ಹೇಳುತ್ತ ಹೋದಳು. ಇಪ್ಪತ್ತೊಂಬತ್ತರಲ್ಲಿ ತಡವರಿಸಿ ನನ್ನ ಕಡೆ ನೋಡಿದಳು. ಮೂವತ್ತು ಎಂದು ನಾನು ನೆನಪು ಮಾಡಿಕೊಟ್ಟೆ. ಕೆಳಗೆ ನೊಯಿಡಾದ ರಸ್ತೆಗಳು, ಅರ್ಧ ಕಟ್ಟಿದ ಗೋಪುರಗಳು, ಧೂಳಿನ ಆಕಾಶ ಮೆಲ್ಲನೆ ಅಗಲವಾಗುತ್ತಿದ್ದವು. ಮೂವತ್ತೇಳರ ಮೇಲೆ ಸದ್ದು ನಿಂತಿತು.